ಮೈಕ್ರೋವೇವ್ ಎಂಜಿನಿಯರಿಗೆ ವೈದ್ಯಕೀಯದಲ್ಲಿ ಏನು ಕೆಲಸ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೇನೆ. ಮೈಕ್ರೋವೇವ್ ನನ್ನ ಮೆಚ್ಚಿನ ವಿಷಯ. ಇದನ್ನು ಕಲಿತವರಿಗೆ ರೇಡಾರ್, ಉಪಗ್ರಹ, ಮೊಬೈಲ್ ಟವರ್ ಬಿಟ್ಟರೆ ಬೇರೆ ದಾರಿಯಿಲ್ಲ ಎನ್ನುತ್ತಾರೆ. ವೈದ್ಯಕೀಯದಲ್ಲಿ ನಿಜಕ್ಕೂ ಕೆಲಸವಿದೆಯೇ?

ಉತ್ತರ: ಖಂಡಿತ ಇದೆ, ಮತ್ತು ಈ ನಂಟು ಹಳೆಯದು. ಅಮೆರಿಕದ ಪರ್ಸಿ ಸ್ಪೆನ್ಸರ್ ಶಾಲೆಯನ್ನು ಅರ್ಧಕ್ಕೇ ಬಿಟ್ಟು, ಎಳೆಯ ವಯಸ್ಸಿನಲ್ಲೇ ಕಾರ್ಖಾನೆಯ ಕೆಲಸಕ್ಕೆ ಸೇರಿ, ಮುಂದೆ ನೌಕಾಪಡೆಯಲ್ಲಿದ್ದಾಗ ರೇಡಿಯೋ ವಿದ್ಯೆಯನ್ನು ಕಲಿತವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಥಿಯಾನ್ ಕಂಪನಿಯಲ್ಲಿ, ರೇಡಾರಿಗೆ ಬೇಕಾದ ಮೈಕ್ರೋವೇವ್ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಕೊಳವೆಗಳ ತಯಾರಿಕೆಯನ್ನು ದಿನಕ್ಕೆ 17ರಿಂದ 2,600ಕ್ಕೆ ಏರಿಸಿದ ಕೀರ್ತಿ ಅವರದು. ಜೇಬಿನ ಮಿಠಾಯಿ ಕರಗಿದ್ದನ್ನು ಗಮನಿಸಿ 1945ರಲ್ಲಿ ಅವರು ಮೈಕ್ರೋವೇವಿನಿಂದ ಆಹಾರ ಬೇಯಿಸುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು ಎಲ್ಲರಿಗೂ ಗೊತ್ತು. ಅದೇ ಕಂಪನಿ ಅದೇ ದಶಕದಲ್ಲಿ ಮೈಕ್ರೋವೇವಿನಿಂದಲೇ ಸ್ನಾಯುಗಳಿಗೆ ಶಾಖ ಕೊಡುವ ಡಯಾಥರ್ಮಿ ಯಂತ್ರವನ್ನೂ ತಯಾರಿಸಿತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ.

ಇಂದು ನಿಮ್ಮಂಥವರಿಗೆ ಹೆಚ್ಚು ಕೆಲಸವಿರುವುದು ಅಬ್ಲೇಷನ್, ಅಂದರೆ ಗೆಡ್ಡೆಯನ್ನು ಶಾಖದಿಂದ ಸುಟ್ಟು ನಾಶಮಾಡುವ ಚಿಕಿತ್ಸೆಯಲ್ಲಿ ಎಂದು ನಾನು ನಂಬಿದ್ದೇನೆ. ಯಕೃತ್ತಿನ ಗೆಡ್ಡೆಯೊಳಕ್ಕೆ ಸೂಜಿಯಷ್ಟು ಸಪೂರವಾದ ಆಂಟೆನಾ ಇಳಿಸಿ, ಅದರಿಂದ ಹೊಮ್ಮುವ ಮೈಕ್ರೋವೇವಿನಿಂದ ಸುತ್ತಲಿನ ಅಂಗಾಂಶದ ಉಷ್ಣತೆಯನ್ನು 60 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಅಲ್ಲಿನ ಜೀವಕೋಶಗಳು ಬಹುಬೇಗ ಸಾಯುತ್ತವೆ. ಹೇಳುವುದಕ್ಕೆ ಸುಲಭ. ಆದರೆ ಗಾಳಿಯಲ್ಲಿ ಸುಮಾರು 12 ಸೆಂಟಿಮೀಟರ್ ಉದ್ದವಿರುವ 2,450 ಮೆಗಾಹರ್ಟ್ಸ್ ಅಲೆ, ನೀರು ತುಂಬಿದ ಯಕೃತ್ತಿನಲ್ಲಿ ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗುತ್ತದೆ. ಆಂಟೆನಾವನ್ನು ಆ ಅಳತೆಗೇ ಮಾಡಬೇಕು. ಬಿಸಿಯೇರಿದಂತೆ ಅಂಗಾಂಶದ ನೀರು ಆವಿಯಾಗಿ ಆ ಲೆಕ್ಕವೂ ತಪ್ಪುತ್ತದೆ: ಸ್ವಲ್ಪ ಶಕ್ತಿ ಕೇಬಲ್ಲಿನೊಳಕ್ಕೇ ಹಿಂದಿರುಗುತ್ತದೆ, ಸೂಜಿಯ ಹೊರಮೈ ಮೇಲೂ ವಿದ್ಯುತ್ ಹರಿದು ಹಿಡಿಯ ಕಡೆಗೆ ಶಾಖ ಏರುತ್ತದೆ, ಗೆಡ್ಡೆಗೆ ಸಂಬಂಧವೇ ಇಲ್ಲದ ಚರ್ಮ ಸುಡುವ ಅಪಾಯ ಬರುತ್ತದೆ. ಹೀಗಾಗಿಯೇ ಸೂಜಿಯೊಳಗೆ ತಣ್ಣೀರು ಹರಿಸುತ್ತಾರೆ, ಹೊರಮೈಗೆ ವಿದ್ಯುತ್ತನ್ನು ತಡೆಯುವ ಲೋಹದ ತೋಳು ತೊಡಿಸುತ್ತಾರೆ. ಎಷ್ಟೇ ನುರಿತ ವೈದ್ಯರಾದರೂ ಈ ಸಮಸ್ಯೆಯನ್ನು ತಾವೇ ಬಿಡಿಸಲಾರರು. ಇದು ನಿಮ್ಮ ಕೆಲಸ.

ಶರೀರಶಾಸ್ತ್ರವನ್ನು ಈಗಿನಿಂದಲೇ ಓದಿ. ಪ್ರಾಜೆಕ್ಟಿಗೆ ತೆಳು ಕೇಬಲ್ಲಿನ ತುದಿಯನ್ನು ಸುಲಿದು ಒಂದು ಪುಟ್ಟ ಆಂಟೆನಾ ಮಾಡಿ, ಅಂಗಾಂಶದ ಬದಲಿಗೆ ನೀರು, ಉಪ್ಪು, ಸಕ್ಕರೆ ಸೇರಿಸಿದ ಅಗರ್ ಜೆಲ್ಲಿಗೆ ಚುಚ್ಚಿ, ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಹಿಂದಿರುಗುತ್ತದೆಂದು ತೋರಿಸುವ ನೆಟ್‌ವರ್ಕ್ ಅನಲೈಜರಿನಲ್ಲಿ ಅಳೆಯಿರಿ. ಗಾಳಿಯಲ್ಲಿ ಒಂದು ಆವರ್ತನಕ್ಕೆ ಹೊಂದಿಕೊಂಡಿದ್ದ ಆಂಟೆನಾ ಜೆಲ್ಲಿಗೆ ಇಳಿದೊಡನೆ ಎಷ್ಟೋ ಕೆಳಗಿನ ಆವರ್ತನಕ್ಕೆ ಜಾರುವುದನ್ನು ಪರದೆಯ ಮೇಲೆ ನೀವೇ ನೋಡುವಿರಿ.