ಆರ್‌ನಲ್ಲಿ ಅತಿ ಸಮೀಪದ ಮರ ಹುಡುಕಿದಾಗ ದೂರವೆಲ್ಲ ಸೊನ್ನೆ ಬರುವುದೇಕೆ?

ಮರಗಳ ಅಕ್ಷಾಂಶ-ರೇಖಾಂಶಗಳನ್ನು ಆರ್ ಎಂಬ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆಗೆ ಕೊಟ್ಟು, ಪ್ರತಿ ಮರಕ್ಕೂ ಅತಿ ಹತ್ತಿರದ ಮರ ಯಾವುದೆಂದು ಹುಡುಕಿದಾಗ ದೂರವೆಲ್ಲ ಸೊನ್ನೆಯೇ ಬರುತ್ತಿದೆ ಎಂದು ನೀವು ಬರೆದಿದ್ದೀರಿ. ಒಂದೇ ಪಟ್ಟಿಯನ್ನು ಎರಡು ಸಲ ಕೊಟ್ಟು ಹೋಲಿಸಿದರೆ ಪ್ರತಿ ಬಿಂದುವಿಗೂ ಅತಿ ಸಮೀಪದ್ದು ಅದೇ ಬಿಂದುವಾಗುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ನಕ್ಷೆಯ ದತ್ತಾಂಶಕ್ಕಾಗಿ ಆರ್‌ಗೆ ಸೇರಿಸಿಕೊಳ್ಳುವ ಎಸ್‌ಎಫ್ ಪ್ಯಾಕೇಜಿನ ಎಸ್‌ಟಿ_ನಿಯರೆಸ್ಟ್_ಫೀಚರ್ ಎಂಬ ಫಂಕ್ಷನ್‌ಗೆ ಪಟ್ಟಿಯನ್ನು ಒಮ್ಮೆ ಮಾತ್ರ ಕೊಡಿ. ಆಗ ಅದು ಉಳಿದ ಬಿಂದುಗಳಲ್ಲಷ್ಟೇ ಹುಡುಕುತ್ತದೆ.

ನಾನು ಈ ಕೆಲಸಕ್ಕೆ ಸ್ಪ್ಯಾಟ್‌ಸ್ಟ್ಯಾಟ್ ಪ್ಯಾಕೇಜನ್ನೇ ಬಳಸುತ್ತೇನೆ. ಅದರ ಎನ್‌ಎನ್‌ಡಿಸ್ಟ್ ದೂರವನ್ನೂ ಎನ್‌ಎನ್‌ವಿಚ್ ಆ ನೆರೆಯ ಮರದ ಕ್ರಮಸಂಖ್ಯೆಯನ್ನೂ ಕೊಡುತ್ತವೆ. ಆದರೆ ಅದು ಸಮತಲದ ಲೆಕ್ಕ ಮಾಡುವುದರಿಂದ, ಡಿಗ್ರಿಗಳನ್ನು ಮೊದಲು ಯುಟಿಎಂನಂತಹ ಪ್ರಕ್ಷೇಪಣಕ್ಕೆ (ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನಕ್ಕೆ) ಒಳಪಡಿಸಿ ಮೀಟರಿಗೆ ತಂದುಕೊಳ್ಳಲೇಬೇಕು. ಸಮಭಾಜಕದ ಬಳಿ ಸುಮಾರು 111 ಕಿಲೋಮೀಟರ್ ಇರುವ ಒಂದು ಡಿಗ್ರಿ ರೇಖಾಂಶ, 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಡಿಗ್ರಿಗಳನ್ನೇ ಅಳತೆಗೋಲಾಗಿ ಹಿಡಿದರೆ ಯಾವುದು ಹತ್ತಿರ ಎಂಬ ತೀರ್ಮಾನವೇ ತಪ್ಪಬಹುದು.

ಆ ಪ್ಯಾಕೇಜಿನಲ್ಲೇ ಇರುವ ಬೆಯ್ ಎಂಬ ದತ್ತಾಂಶದಲ್ಲಿ ಮೊದಲು ಕೈ ಪಳಗಿಸಿಕೊಳ್ಳಿ. ಪನಾಮಾದ ಬಾರೋ ಕೊಲೊರಾಡೊ ದ್ವೀಪದ ಕಾಡಿನಲ್ಲಿ 1000 ಮೀಟರ್ ಉದ್ದ, 500 ಮೀಟರ್ ಅಗಲದ ಜಾಗದಲ್ಲಿರುವ ಒಂದೇ ಜಾತಿಯ 3605 ಮರಗಳ ಸ್ಥಾನಗಳು ಅದರಲ್ಲಿವೆ. ಎಲ್ಲ ಜೋಡಿಗಳ ದೂರವನ್ನೂ ಕೋಷ್ಟಕ ಮಾಡಹೊರಟರೆ ಸುಮಾರು 1.3 ಕೋಟಿ ಅಂಕಿಗಳಾಗುತ್ತವೆ. ಎನ್‌ಎನ್‌ಡಿಸ್ಟ್‌ಗೆ ಅದರ ಅಗತ್ಯವೇ ಇಲ್ಲ. ಮರಗಳು ಯಾದೃಚ್ಛಿಕವಾಗಿ ಹರಡಿದ್ದರೆ ಸಮೀಪದ ನೆರೆಯ ಸರಾಸರಿ ದೂರ, ಸಾಂದ್ರತೆಯ (ಒಂದು ಚದರ ಮೀಟರಿಗೆ ಇರುವ ಮರಗಳ ಸಂಖ್ಯೆಯ) ವರ್ಗಮೂಲದ ಎರಡರಷ್ಟರಿಂದ ಒಂದನ್ನು ಭಾಗಿಸಿದಷ್ಟು, ಅಂದರೆ ಇಲ್ಲಿ ಸುಮಾರು 5.9 ಮೀಟರ್ ಇರಬೇಕು. ನಿಮಗೆ ಬಂದ ಸರಾಸರಿ ಇದಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ ಮರಗಳು ಗುಂಪುಗೂಡಿವೆ ಎಂದು ತಿಳಿಯಬಹುದು.

ಹಾಗೆ ತೀರ್ಮಾನಿಸುವ ಮುನ್ನ ಅಂಚಿನ ಮರಗಳನ್ನು ದಯವಿಟ್ಟು ಗಮನಿಸಿ. ಗಡಿಯ ಪಕ್ಕದ ಮರಕ್ಕೆ ನಿಜವಾದ ನೆರೆ ನೀವು ಅಳೆಯದ ಆಚೆಯ ನೆಲದಲ್ಲಿರಬಹುದಾದ್ದರಿಂದ ಅದರ ದೂರ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಸ್ಪ್ಯಾಟ್‌ಸ್ಟ್ಯಾಟ್‌ನ ಬಿಡಿಸ್ಟ್.ಪಾಯಿಂಟ್ಸ್ ಪ್ರತಿ ಮರದಿಂದ ಗಡಿಯವರೆಗಿನ ದೂರ ಕೊಡುತ್ತದೆ. ನೆರೆಯ ದೂರ ಅದಕ್ಕಿಂತ ಹೆಚ್ಚಿರುವ ಮರಗಳ ಉತ್ತರವನ್ನು ಖಚಿತವೆಂದು ಎಣಿಸಬೇಡಿ.

ಕೊನೆಯದಾಗಿ, ನೀವು ಸ್ಥಾನಗಳನ್ನು ಮೊಬೈಲ್ ಜಿಪಿಎಸ್‌ನಿಂದ ಗುರುತಿಸಿದ್ದು, ಮರಗಳ ನಡುವೆ ಐದಾರು ಮೀಟರ್ ಅಂತರವಷ್ಟೇ ಇದ್ದರೆ, ದಟ್ಟ ಎಲೆಗಳ ಕೆಳಗೆ ಆ ಉಪಕರಣದ ದೋಷವೇ ಅಷ್ಟಾಗಬಹುದು. ಆಗ ಒಂದು ಸ್ಥಿರ ಮೂಲೆಯಿಂದ ಟೇಪು ಹಿಡಿದು ಮತ್ತೆ ಅಳೆಯಬೇಕಾಗುತ್ತದೆ.