ಸಂಜೆ ಭಜನೆ ಹಾಕಿದ್ರೆ ಮುಗೀತಾ?

ನಮಸ್ಕಾರ ಮೇಡಂ. ಲಿಂಗಪೂಜೆ ಆಗ್ದೆ ನಿಮ್ಮ ತಾಯಿ ಬಾಯಿಗೆ ನೀರೂ ಹಾಕಲ್ಲ, ಆದ್ರೆ ಅವರಿರೋ ವೃದ್ಧಾಶ್ರಮದಲ್ಲಿ ಏಳೂವರೆಗೇ ತಿಂಡಿ, ಇವರ ಸ್ನಾನದ ಸರದಿ ಬರೋದೇ ಎಂಟಕ್ಕೆ, ಮ್ಯಾನೇಜರ್ ಹತ್ರ ಹೇಳಿದ್ರೆ "ಸಂಜೆ ಭಜನೆ ಇಟ್ಟಿದೀವಲ್ಲಮ್ಮ" ಅಂದ್ರು, ನಾನು ಕೇಳಿದ್ದು ಅತಿಯಾಯ್ತಾ ಅಂತ ಬರ್ದಿದೀರಿ. ಖಂಡಿತ ಇಲ್ಲ, ಇನ್ನೊಂದ್ಸಲ ಹೋಗಿ ಕೇಳಿ.

ಹಿರಿಯ ನಾಗರಿಕರ 2007ರ ಕಾಯ್ದೆಯ 19ನೇ ಸೆಕ್ಷನ್ ನೋಡಿ, ವೃದ್ಧಾಶ್ರಮದ ಸೌಲಭ್ಯ ಅಂತ ಬಂದಾಗ ವೈದ್ಯಕೀಯ ಆರೈಕೆ ಮತ್ತು ಮನರಂಜನೆ ಎರಡನ್ನೇ ಹೆಸರಿಸಿದಾರೆ. ಭಜನೆನೂ ಆ ಮನರಂಜನೆ ಲೆಕ್ಕಕ್ಕೇ ಹೋಗ್ಬಿಡುತ್ತೆ, ಹಾಲಲ್ಲಿ ಎಲ್ಲರನ್ನೂ ಕೂರ್ಸಿ ಸ್ಪೀಕರ್ ಹಾಕಿದ್ರೆ ಆಯ್ತು. ಎಂಬತ್ತು ದಾಟಿದ ಜೀವಕ್ಕೆ ಅಷ್ಟು ಸಾಲಲ್ಲ.

ಅವರ ಸ್ನಾನ ಮೊದಲನೇ ಸರದಿಗೆ ಹಾಕ್ಸಿ, ಯಾರಿಗೂ ಇದ್ರಿಂದ ಖರ್ಚಿಲ್ಲ. ಇನ್ಸುಲಿನ್ ಇದೆ ಅಂದಿದೀರಿ, ಚುಚ್ಚಿದ್ಮೇಲೆ ತಿಂಡಿ ತಡ ಆದ್ರೆ ಶುಗರ್ ಇಳಿದ್ಬಿಡುತ್ತೆ, ಅದಕ್ಕೆ ಡಾಕ್ಟರ್‌ನ ಕೇಳಿ ಪೂಜೆ ಟೈಮು ಇಂಜೆಕ್ಷನ್ ಟೈಮು ಎರಡನ್ನೂ ಹೊಂದಿಸ್ಕೊಳ್ಳಿ. ಎಡಗೈ ನಡುಗಿ ಲಿಂಗ ಜಾರುತ್ತೆ ಅಂತ ಅವರಿಗೆ ಭಯ ಅಲ್ವಾ, ಆಯಾ ಲಿಂಗ ಮುಟ್ಟೋದೇನೂ ಬೇಡ, ಮಣಿಕಟ್ಟಿನ ಕೆಳಗೆ ಕೈ ಆಸರೆ ಕೊಟ್ಟು ಹತ್ತು ನಿಮಿಷ ಸುಮ್ನೆ ನಿಂತ್ರೆ ಸಾಕು. ಪಕ್ಕದ ಬೆಡ್ಡಿನವರಿಗೆ ಕುರ್ಚಿ ಮೇಲೆ ಕೂತು ನಮಾಜ್ ಮಾಡೋಕೆ ಜಾಗ ಬೇಕಿರಬಹುದು, ಇನ್ನೊಬ್ಬರಿಗೆ ಫಾದರ್ ಬಂದು ಪರಮಪ್ರಸಾದ ಕೊಡ್ಬೇಕು, ದೇವರನ್ನೇ ನಂಬದೋರಿಗೆ ಬರೀ ಮಾತಾಡೋಕೆ ಒಬ್ಬರು ಬೇಕು. ಸೇರಿಸ್ಕೊಳ್ಳೋ ದಿನ ಬಿಪಿ ಶುಗರ್ ಕೇಳ್ತಾರಲ್ಲ, ಆಗ್ಲೇ ಇದನ್ನೂ ಕೇಳಿ ಬರ್ಕೋಬೇಕು.

ನನ್ನನ್ನ ಜಾಸ್ತಿ ಕಾಡೋದು ಇನ್ನೊಂದು. "ದೇವ್ರು ಯಾಕಿನ್ನೂ ಕರ್ಕೊಂಡಿಲ್ಲ" ಅಂತ ಅಜ್ಜಿ ಅಂದ್ರೆ ನಾವೆಲ್ಲ "ಹಾಗೆಲ್ಲ ಅನ್ಬೇಡಿ" ಅಂತ ಬಾಯಿ ಮುಚ್ಚಿಸ್ತೀವಿ. ಪಕ್ಕದ ರೂಮಿನವರು ತೀರ್ಕೊಂಡ್ರೆ ಆಸ್ಪತ್ರೆಗೆ ಹೋಗಿದಾರೆ ಅಂತ ಸುಳ್ಳು ಹೇಳ್ತೀವಿ, ಅವರಿಗೇನು ಗೊತ್ತಾಗಲ್ವಾ? ಒಂದು ದೀಪ ಹಚ್ಚಿ ಎಲ್ಲರೂ ಸೇರಿ ಕಳಿಸಿಕೊಟ್ರೆ ಉಳಿದವರಿಗೆ ನಮ್ಮನ್ನೂ ಹೀಗೇ ಮರ್ಯಾದೆಯಿಂದ ಕಳಿಸ್ತಾರೆ ಅನ್ನೋ ಧೈರ್ಯ ಬರುತ್ತೆ. ಸಾಯೋ ಕಾಲದ ಆರೈಕೆ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲೇ ದೇಹದ ನೋವಿನ ಜೊತೆ ಆಧ್ಯಾತ್ಮಿಕ ನೋವನ್ನೂ ನೋಡ್ಕೋಬೇಕು ಅಂದಿದೆ, ನಮ್ಮ ವೃದ್ಧಾಶ್ರಮಗಳು ಅಷ್ಟಾದ್ರೂ ಮಾಡ್ಲಿ.

ಇನ್ನೊಂದು ಕೆಲಸ ಬಾಕಿ ಇದೆ, ಮುಂದೂಡ್ಬೇಡಿ. ನಿಮ್ಮಲ್ಲಿ ಹೂಳೋ ಪದ್ಧತಿ, ನೀವು ಊರಿಂದ ಬರೋದು ತಡ ಆದ್ರೆ ಆಶ್ರಮದವರು ಗೊತ್ತಿಲ್ದೆ ವಿದ್ಯುತ್ ಚಿತಾಗಾರಕ್ಕೆ ಒಯ್ದುಬಿಡಬಹುದು. ಯಾವ ಜಂಗಮರನ್ನ ಕರೀಬೇಕು, ಎಲ್ಲಿ ಮಣ್ಣು ಮಾಡ್ಬೇಕು ಅಂತ ತಾಯಿನ್ನೇ ಕೇಳಿ, ಫೋನ್ ನಂಬರ್ ಸಮೇತ ಬರೆದು ಅವರ ಫೈಲಲ್ಲಿ ಹಾಕ್ಸಿ, ಒಂದು ಕಾಪಿ ನಿಮ್ಮ ಹತ್ರ ಇರ್ಲಿ.

— ಸಂ.