ಲಿನಕ್ಸ್ ಪ್ರಶ್ನೋತ್ತರ: ಕೊನೇ ಹಂತದಲ್ಲಿ ನಿಂತೋದ ವಿವಾಡೊ

ಪ್ರಶ್ನೆ: ಸಾರ್, ನಾನು ಹಾಸನದಲ್ಲಿ ಇ.ಸಿ. ಓದ್ತಿದೀನಿ, ಪಿಜಿ ಸಾಲಗಾಮೆ ರೋಡ್ ಕಡೆ. ಮಿನಿ ಪ್ರಾಜೆಕ್ಟಿಗೆ ಬೇಸಿಸ್ 3 ಬೋರ್ಡ್ (ಒಳಗಿನ ಸರ್ಕ್ಯೂಟನ್ನ ನಾವೇ ಬರೆದು ಹಾಕೋ ಎಫ್‌ಪಿಜಿಎ ಚಿಪ್ ಇರೋದು) ಕೊಟ್ಟಿದಾರೆ, ಆ ಸರ್ಕ್ಯೂಟ್ ಬರೆದು ಬೋರ್ಡಿಗೆ ಇಳಿಸೋಕೆ ವಿವಾಡೊ ಸಾಫ್ಟ್‌ವೇರ್ ಬೇಕು. ಲ್ಯಾಪ್‌ಟಾಪಲ್ಲಿ ಉಬುಂಟು 24.04 ಇದೆ. ಮೊಬೈಲ್ ಹಾಟ್‌ಸ್ಪಾಟ್ ಇಟ್ಟು ರಾತ್ರಿಯೆಲ್ಲಾ ಡೌನ್‌ಲೋಡಿಗೆ ಬಿಟ್ಟಿದ್ದೆ, ಬೆಳಗ್ಗೆ ಎದ್ದು ನೋಡಿದ್ರೆ 'ಜನರೇಟಿಂಗ್ ಇನ್‌ಸ್ಟಾಲ್ಡ್ ಡಿವೈಸ್ ಲಿಸ್ಟ್' ಅಂತ ತೋರಿಸ್ಕೊಂಡು ನಿಂತಿದೆ, ಮಧ್ಯಾಹ್ನ ಆದ್ರೂ ಅಲ್ಲಾಡ್ಲಿಲ್ಲ. ಎರರ್ರೂ ಇಲ್ಲ ಏನೂ ಇಲ್ಲ. ಫ್ರೆಂಡ್ಸೆಲ್ಲ ಉಬುಂಟು ತೆಗ್ದಾಕಿ ವಿಂಡೋಸ್ ಹಾಕ್ಕೊ ಅಂತಿದಾರೆ. ಏನ್ ಮಾಡ್ಲಿ?

ಉತ್ತರ: ಫ್ರೆಂಡ್ಸ್ ಮಾತು ಸ್ವಲ್ಪ ಪಕ್ಕಕ್ಕಿಡಿ, ಇದು ಉಬುಂಟು ತೆಗೆಯೋವಂಥ ರೋಗ ಅಲ್ಲ. ಆ ಹಂತಕ್ಕೆ ಬರೋಷ್ಟರಲ್ಲಿ ಫೈಲ್‌ಗಳೆಲ್ಲ ಡಿಸ್ಕಿಗೆ ಬಂದು ಕೂತಿರುತ್ತವೆ, ಆಮೇಲೆ ಇನ್‌ಸ್ಟಾಲರ್ ನಮಗೆ ಹೇಳ್ದೇನೆ ಹಿಂದುಗಡೆ ವಿವಾಡೋನ ಒಂದ್ಸಲ ಓಡಿಸುತ್ತೆ, ಯಾವ್ಯಾವ ಚಿಪ್ ಹಾಕಿದೀವಿ ಅಂತ ಪಟ್ಟಿ ಮಾಡೋಕೆ. ಆ ವಿವಾಡೊಗೆ ಲಿಬ್‌ಟಿನ್ಫೊ ಅನ್ನೋ ಲೈಬ್ರರಿಯ (ಬೇರೆ ಪ್ರೋಗ್ರಾಮ್‌ಗಳು ಬಳಸ್ಕೊಳ್ಳೋ ಕೋಡ್ ಫೈಲ್) 5ನೇ ಆವೃತ್ತಿ ಬೇಕು, ನಿಮ್ಮ 24.04ರಲ್ಲಿ ಇರೋದು 6. ಅದು ಏಳೋದೇ ಇಲ್ಲ, ಇನ್‌ಸ್ಟಾಲರ್ ಅದರ ಉತ್ತರಕ್ಕೆ ಕಾಯ್ತಾ ಕೂತಿರುತ್ತೆ, ನೀವು ಇನ್‌ಸ್ಟಾಲರ್‌ಗೆ ಕಾಯ್ತಾ ಕೂತಿರ್ತೀರಿ.

ನನ್ ಮಾತು ನಂಬ್ಬೇಡಿ, ನೀವೇ ನೋಡಿ. ಟರ್ಮಿನಲ್ ತೆಗೆದು, ಇನ್‌ಸ್ಟಾಲ್ ಆಗಿರೋ ಫೋಲ್ಡರಿನ ಒಳಗಿರೋ ಬಿನ್ ಅನ್ನೋ ಫೋಲ್ಡರಿಗೆ ಹೋಗಿ, ಅಲ್ಲಿಂದ ವಿವಾಡೋನ ನೇರವಾಗಿ ಓಡಿಸಿ. ಲೈಬ್ರರಿ ಲೋಡ್ ಆಗ್ಲಿಲ್ಲ ಅನ್ನೋ ಒಂದು ಎರರ್ ಸಾಲು ಬರುತ್ತೆ, ಅದರಲ್ಲೇ ಲಿಬ್‌ಟಿನ್ಫೊ ಹೆಸರೂ ಇರುತ್ತೆ. ಇಂಥ ದೊಡ್ಡ ಸಾಫ್ಟ್‌ವೇರ್ ಯಾವ್ದೇ ಇರ್ಲಿ, ಐಕಾನ್ ಒತ್ತಿ ಏನೂ ಆಗ್ಲಿಲ್ಲ ಅಂದ್ರೆ ಟರ್ಮಿನಲ್ಲಿಂದ ಓಡಿಸಿ ನೋಡೋದೇ ಮೊದಲ ಕೆಲಸ, ಐಕಾನ್ ಬಾಯೇ ಬಿಡಲ್ಲ, ಟರ್ಮಿನಲ್ ಎಲ್ಲಾ ಹೇಳ್ಬಿಡುತ್ತೆ.

ಇನ್ನು ಪರಿಹಾರ. 'ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್‌ಟಿನ್ಫೊ5' ಅಂತ ಹೊಡೆದ್ರೆ (ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೀರಪ್ಪ, ಸುಡೊ ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ, ಆಪ್ಟ್ ಅಂದ್ರೆ ಪ್ಯಾಕೇಜ್ ಹಾಕೋ ಕಮ್ಯಾಂಡ್) ಪ್ಯಾಕೇಜೇ ಇಲ್ಲ ಅನ್ನುತ್ತೆ, ಯಾಕಂದ್ರೆ 24.04ರ ಭಂಡಾರದಿಂದ (ಉಬುಂಟು ಪ್ಯಾಕೇಜ್‌ಗಳನ್ನ ಇಟ್ಟಿರೋ ಜಾಗ) ಅದನ್ನ ತೆಗೆದಿದಾರೆ. 22.04ರಲ್ಲಿ ಇನ್ನೂ ಇದೆ. ಉಬುಂಟು ಪ್ಯಾಕೇಜ್ ತಾಣಕ್ಕೆ ಹೋಗಿ 22.04ರ ಲಿಬ್‌ಟಿನ್ಫೊ5, ಲಿಬ್‌ಎನ್‌ಕರ್ಸಸ್5 ಎರಡರ ಡೆಬ್ ಫೈಲ್ ಇಳಿಸ್ಕೊಳ್ಳಿ, ಎಎಂಡಿ64 ಅಂತ ಇರೋದೇ ಆಗ್ಬೇಕು, ಇಂಟೆಲ್ ಲ್ಯಾಪ್‌ಟಾಪಿಗೂ ಅದೇ, ಹೆಸರು ನೋಡಿ ಗಾಬರಿ ಆಗ್ಬೇಡಿ. ಎರಡನ್ನೂ ಒಂದೇ ಸಲ ಆಪ್ಟಿಗೆ ಕೊಟ್ಟು ಹಾಕಿ. 6ನೇ ಆವೃತ್ತಿಗೇ 5 ಅಂತ ಲಿಂಕ್ ಮಾಡಿ ಓಡಿಸೋರೂ ಇದಾರೆ, ಓಡುತ್ತೆ ಕೂಡ, ಆದ್ರೆ ಇಂಟರ್ನಲ್ಸ್ ಹಿಂದಿನ ದಿನ ಅದು ಕೈ ಕೊಟ್ರೆ ಯಾವ್ದರಿಂದ ಅಂತ ಹುಡುಕೋದು ಕಷ್ಟ, ಅದಕ್ಕೇ ನಾನು ಹೇಳಲ್ಲ. 22.04ರ ಇಡೀ ಭಂಡಾರಾನ ನಿಮ್ಮ ಸೋರ್ಸ್ ಪಟ್ಟಿಗೆ ಸೇರಿಸೋದಂತೂ ಬೇಡ್ವೇ ಬೇಡ, ಸಿಸ್ಟಮ್ಮೇ ಕಲಸುಮೇಲೋಗರ ಆಗೋಗುತ್ತೆ.

ಅರ್ಧಕ್ಕೆ ನಿಂತ ಫೋಲ್ಡರ್ ಅಳಿಸಿ ಮೊದಲಿಂದ ಹಾಕೋದೇ ವಾಸಿ. ಮತ್ತೆ ಡೌನ್‌ಲೋಡಾ ಅಂತ ತಲೆ ಚಚ್ಕೋಬೇಡಿ. ಇನ್‌ಸ್ಟಾಲರ್ ಚಿಪ್‌ಗಳ ಪಟ್ಟಿ ತೋರಿಸ್ದಾಗ ನಿಮಗೆ ಬೇಕಾದ್ದಷ್ಟೇ ಟಿಕ್ ಇಡಿ, ಬೇಸಿಸ್ 3ರಲ್ಲಿರೋದು ಆರ್ಟಿಕ್ಸ್ 7, ಹಾಗಾಗಿ 7 ಸೀರೀಸ್ ಸಾಕು, ಅಲ್ಟ್ರಾಸ್ಕೇಲ್, ವರ್ಸಲ್ ಎಲ್ಲ ತೆಗೆದ್ರೆ ಸೈಜು ಎಷ್ಟೋ ಇಳಿಯುತ್ತೆ. ಅದರ ಜೊತೆಗೆ 'ಡೌನ್‌ಲೋಡ್ ಇಮೇಜ್' ಅಂತ ಒಂದು ಆಯ್ಕೆ ಇದೆ, ಯಾರೂ ನೋಡೋದೇ ಇಲ್ಲ. ಅದನ್ನ ಆರಿಸಿ ಇಳಿಸಿ ಎಕ್ಸ್‌ಟರ್ನಲ್ ಡಿಸ್ಕಲ್ಲಿ ಇಟ್ಕೊಂಡ್ರೆ, ಇನ್ನೊಂದ್ಸಲ ಕೆಟ್ರೂ ಡೇಟಾ ಖರ್ಚಿಲ್ಲ, ಕ್ಲಾಸ್‌ಮೇಟ್‌ಗಳೂ ಅದರಿಂದಲೇ ಹಾಕ್ಕೋಬಹುದು. ಸುಡೊ ಹಾಕಿ ಇನ್‌ಸ್ಟಾಲ್ ಮಾಡ್ಬೇಡಿ, ಹೋಮ್ ಫೋಲ್ಡರಲ್ಲೇ ಹಾಕಿ, ಇಲ್ಲಾಂದ್ರೆ ಆಮೇಲೆ ಒಂದೊಂದು ಫೈಲಿಗೂ ಪರ್ಮಿಷನ್ ಇಲ್ಲ ಅಂತ ಗೋಳು.

ಸಾಫ್ಟ್‌ವೇರ್ ತೆರೆದ ಮೇಲೆ ಮುಂದಿನ ಗೋಳು ಬೋರ್ಡಿಂದು, ಈಗ್ಲೇ ಹೇಳ್ಬಿಡ್ತೀನಿ. ಲಿನಕ್ಸಲ್ಲಿ ಕೇಬಲ್ ಡ್ರೈವರ್ ತಾನಾಗೇ ಬರಲ್ಲ. ವಿವಾಡೊ ಫೋಲ್ಡರಲ್ಲಿ ಡೇಟಾ ಒಳಗೆ ಕೇಬಲ್ ಡ್ರೈವರ್ಸ್ ಅಂತ ಹುಡುಕಿ, ಅದರೊಳಗೆ ಲಿನ್64, ಇನ್‌ಸ್ಟಾಲ್ ಸ್ಕ್ರಿಪ್ಟ್ ಅಂತ ಇಳೀತಾ ಹೋದ್ರೆ ಡ್ರೈವರ್ ಹಾಕೋ ಸ್ಕ್ರಿಪ್ಟ್ ಸಿಗುತ್ತೆ. ಬೋರ್ಡ್ ಕಿತ್ತಿಟ್ಟು, ಅದೇ ಫೋಲ್ಡರಲ್ಲಿ ನಿಂತು ಓಡಿಸಿ, ಇದಕ್ಕೆ ಸುಡೊ ಬೇಕು. ಆಮೇಲೆ ಬೋರ್ಡ್ ಚುಚ್ಚಿ. ಪ್ರಾಜೆಕ್ಟ್ ಫೋಲ್ಡರ್ ಹೆಸರಲ್ಲಿ ಸ್ಪೇಸ್ ಬೇಡ, ಕನ್ನಡ ಅಕ್ಷರಾನೂ ಬೇಡ. ಸಿಂಥೆಸಿಸ್ (ಬರೆದ ಕೋಡನ್ನ ಸರ್ಕ್ಯೂಟ್ ಮಾಡೋ ಹಂತ) ಶುರುವಾದ ತಕ್ಷಣ ವಿವಾಡೊ ಮಕಾಡೆ ಮಲಗಿದ್ರೆ ಲೊಕೇಲ್ ಸೆಟ್ಟಿಂಗ್ (ಸಿಸ್ಟಮ್ಮಿನ ಭಾಷೆ, ಅಕ್ಷರದ ಸೆಟ್ಟಿಂಗ್) ನೋಡಿ, ಅಮೆರಿಕನ್ ಇಂಗ್ಲಿಷಿನ ಯುಟಿಎಫ್ 8 ಲೊಕೇಲ್ ಇರ್ಲೇಬೇಕು, ಉಬುಂಟುನ ಕನ್ನಡಕ್ಕೆ ಹಾಕ್ಕೊಂಡಿರೋರಿಗೆ ಇದು ಬೇಗ ತಗಲಾಕ್ಕೊಳ್ಳುತ್ತೆ.

ಪ್ರಶ್ನೆ: ಚಿಕ್ಕಮಗಳೂರಲ್ಲಿ ಮನೆ ಪ್ಲ್ಯಾನ್ ಹಾಕಿಕೊಡೋ ಸಣ್ಣ ಆಫೀಸ್ ನಮ್ದು. ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ವಿ, ಆಟೊಕ್ಯಾಡ್ ಹಾಕೋದು ಹೇಗೆ?

ಉತ್ತರ: ಆಟೊಕ್ಯಾಡ್ ಲಿನಕ್ಸಿಗೆ ಬಂದೇ ಇಲ್ಲ. ವೈನ್ (ವಿಂಡೋಸ್ ಸಾಫ್ಟ್‌ವೇರನ್ನ ಲಿನಕ್ಸಲ್ಲಿ ಓಡಿಸೋದು) ಇಟ್ಕೊಂಡು ಒದ್ದಾಡೋರಿದಾರೆ, ದುಡ್ಡು ತಗೊಂಡು ಕೆಲಸ ಮಾಡ್ಕೊಡೋ ಆಫೀಸಿಗೆ ಅದು ಆಗಲ್ಲ. ಬರೀ 2ಡಿ ಪ್ಲ್ಯಾನ್ ಆದ್ರೆ ಲಿಬ್ರೆಕ್ಯಾಡ್ ಸಾಕು, ಹಳೇ ಮಶೀನಲ್ಲೂ ಹಗುರವಾಗಿ ಓಡುತ್ತೆ. 3ಡಿ ಬೇಕಂದ್ರೆ ಫ್ರೀಕ್ಯಾಡ್, ಅದರ 1.0 ಆವೃತ್ತಿ 2024ರ ನವೆಂಬರಲ್ಲಿ ಬಂತು. ತಕರಾರಿರೋದು ಆಟೊಕ್ಯಾಡಿನ ಡಿಡಬ್ಲ್ಯೂಜಿ ಫೈಲಲ್ಲಿ, ಫ್ರೀಕ್ಯಾಡಲ್ಲಿ ಅದು ತೆರೀಬೇಕಂದ್ರೆ ಬೇರೆ ಕನ್ವರ್ಟರ್ ಹಾಕ್ಕೋಬೇಕು, ಡ್ರಾಯಿಂಗ್ ಕಳಿಸೋರಿಗೇ ಡಿಎಕ್ಸ್‌ಎಫ್ (ಬೇರೆ ಸಾಫ್ಟ್‌ವೇರೂ ಓದೋ ಡ್ರಾಯಿಂಗ್ ಫೈಲ್) ಮಾಡಿ ಕಳಿಸ್ರಪ್ಪ ಅಂದ್ಬಿಟ್ರೆ ಸುಲಭ. ದಿನಾ ಡಿಡಬ್ಲ್ಯೂಜಿನೇ ಕೊಟ್ಟು ತಗೊಳ್ಳೋ ಆಫೀಸ್ ಆಗಿದ್ರೆ ಬ್ರಿಕ್ಸ್‌ಕ್ಯಾಡ್ ನೋಡಿ, ಲಿನಕ್ಸ್ ಆವೃತ್ತಿ ಇದೆ, ಡಿಡಬ್ಲ್ಯೂಜಿಲೇ ಕೆಲಸ ಮಾಡುತ್ತೆ, ದುಡ್ಡು ಮಾತ್ರ ಕೊಡ್ಬೇಕು. ಟ್ರಯಲ್ ಹಾಕಿ ನಿಮ್ಮದೇ ಒಂದು ದೊಡ್ಡ ಡ್ರಾಯಿಂಗ್ ತೆರೆದು ನೋಡಿ, ಆ ಹಳೇ ಕಂಪ್ಯೂಟರ್ ತಡ್ಕೊಂಡ್ರೆ ಮಾತ್ರ ಲೈಸೆನ್ಸ್ ತಗೊಳ್ಳಿ.